ಅಡ್ಡಡ್ಡ ಹರಿದ ಪಾನಿ

ಜೂನ್ 27, ಶುಕ್ರವಾರ

ಇವತ್ತು ಅಂಗಡಿಗೆ ಬಂದವರು: ಚಿಲ್ಲರೆ ಕೇಳಲು ಒಬ್ಬರು, ರೈಲ್ವೆ ಸ್ಟೇಷನ್‌ಗೆ ದಾರಿ ಕೇಳಲು ಒಬ್ಬರು, ಮಳೆ ಹನಿದಾಗ ಸೂರಿನ ಕೆಳಗೆ ನಿಲ್ಲಲು ಇಬ್ಬರು. ಪಾನಿಪೂರಿ ತಿನ್ನಲು ಬಂದದ್ದು ಪಕ್ಕದ ಟೈಲರ್ ಮಾತ್ರ. ಅವರೂ ಪಾಪ ಅನ್ನಿಸಿ ಬಂದವರು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಬಂಗಾರಪೇಟೆ ಬಸ್ ಸ್ಟ್ಯಾಂಡ್ ಎದುರು ದೊಡ್ಡಮ್ಮನ ತಳ್ಳುಗಾಡಿ ಇದ್ದಾಗ ಜನ ತಟ್ಟೆ ಹಿಡಿದು ಮುಗಿಬೀಳುತ್ತಿದ್ದರು. ರಸ್ತೆ ಅಗಲ ಮಾಡಿದರು, ಗಾಡಿ ಎತ್ತಿಸಿದರು. ನಾನು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟು, ಬೆಳಗಿನ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ತಪಸ್ಸಿಗೆ ದೊಡ್ಡ ನಮಸ್ಕಾರ ಹಾಕಿ, ದೊಡ್ಡಮ್ಮನ ಜೊತೆ ಈ ಸಂದಿಯೊಳಗೆ ಅಂಗಡಿ ತೆರೆದೆ. ‘ಅಕ್ಕಯ್ಯಮ್ಮ ಪಾನಿಪೂರಿ’ ಅಂತ ದೊಡ್ಡಮ್ಮನ ಹೆಸರಲ್ಲೇ ಬೋರ್ಡು ಬರೆಸಿದೆ. ಬೋರ್ಡು ಬಹಳ ಚೆನ್ನಾಗಿದೆ. ಸಂದಿಯೊಳಗೆ ಬಂದವರಿಗೆ ಮಾತ್ರ ಕಾಣುತ್ತದೆ.

ಸಂಜೆ ಕಟ್ಟಡದ ಮಾಲೀಕರು ಜಯರಾಮಪ್ಪ ಮೇಲಿನ ಮನೆಯಿಂದ ಇಳಿದು ಬಂದರು. ಬಾಡಿಗೆಯ ಮಾತೇ ಎತ್ತಲಿಲ್ಲ. ಅವರಿಗೆ ಬೇಕಾಗಿರುವುದು ಜನ.

“ಮೂರ್ಸಂಜೆ ಒತ್ನಲ್ಲಿ ಬಿಕೋ ಅನ್ನೋ ಅಂಗ್ಡಿ ಮನೆಗೆ ಒಳ್ಳೇದಲ್ಲಮ್ಮ. ಮೇಲ್ಗಡೆ ನಮ್ಮೋಳು ದೀಪ ಅಚ್ತಾಳೆ, ಕೆಳ್ಗಡೆ ನೊಣ ಓಡಿಸ್ಕಂಡು ಕೂತಿರ್ತೀರ. ಆಷಾಢ ಕಳೀಲಿ ನೋಡಾಣ. ಶ್ರಾವಣಕ್ಕೂ ಇಂಗೇ ಇದ್ರೆ, ಮೊಬೈಲ್ ಕವರ್ ಮಾರೋರು ಕೇಳ್ತಾವ್ರೆ, ಅವ್ರಿಗೇ ಕೊಟ್ಬಿಡ್ತೀನಿ.”

ಅಂದರೆ ಆಷಾಢ ಕಳೆಯುವುದರೊಳಗೆ ಈ ಸಂದಿಗೆ ಜನ ತುಂಬಬೇಕು. ಇಲ್ಲವಾದರೆ ನಾನು ಮತ್ತೆ ರೈಲಿಗೆ, ದೊಡ್ಡಮ್ಮ ಮೂಲೆಗೆ. ಸರಿ, ನಾನೂ ಬಿಡುವವಳಲ್ಲ. ಫೋನಿನಲ್ಲಿ ಅಂಗಡಿಗೊಂದು ಪೇಜು ಮಾಡಿದೆ. ಫೋಟೋ ಹಾಕುವುದು, ಊರಿಗೆ ಊರೇ ಬರುವುದು, ಇಷ್ಟೇ ಕೆಲಸ.

ಬಟಾಣಿ ನೆನೆಹಾಕಿದ್ದೇನೆ. ನಾಳೆಗೆ ಸಾಲುತ್ತದೋ ಇಲ್ಲವೋ.

ಜೂನ್ 28, ಶನಿವಾರ

ಸಾಲಿತು. ಸಾಲಿ ಮಿಕ್ಕಿತು. ಮಿಕ್ಕಿದ್ದನ್ನು ರಾತ್ರಿ ಸಾಗು ಮಾಡಿಕೊಂಡು ತಿಂದೆವು.

ಮೊದಲ ಫೋಟೋ ಹಾಕಿದೆ. ಮೇಜಿನ ಮೇಲೆ ತಟ್ಟೆಗಳನ್ನು ಸಾಲಾಗಿ ಜೋಡಿಸಿ, ಫೋನನ್ನು ಅಡ್ಡ ಹಿಡಿದು, ಉಸಿರು ಕಟ್ಟಿ ತೆಗೆದದ್ದು. ಮೂರು ಲೈಕು. ಒಂದು ನನ್ನದು, ಒಂದು ನಾನೇ ದೊಡ್ಡಮ್ಮನ ಹೆಸರಲ್ಲಿ ಒತ್ತಿದ್ದು, ಇನ್ನೊಂದು ಅಣ್ಣ ಬಾಲಾಜಿಯದು. ಅವನು ತಿಥಿ ಕಾರ್ಡಿಗೂ ಲೈಕು ಒತ್ತುವವನು.

ಒಬ್ಬಳು ಕೇಳಿದ್ದಾಳೆ: “ಅಕ್ಕಾ, ಪೂರಿ ಮೇಲೆ ಯಾಕೆ ನಲ್ಲಿ ನೀರು ಹಾಕಿದೀರ?” ಅದರ ಕೆಳಗೆ ಯಾವನೋ ಕೆ.ಜಿ.ಎಫ್.ನವನು: “ನಲ್ಲಿ ನೀರಲ್ಲ, ನಮ್ಮೂರಿಗೆ ಬರಬೇಕಾದ ಬೇತಮಂಗಲದ ಕೆರೆ ನೀರು. ನಮಗಿಂತ ಮೊದಲು ಇವರಿಗೆ ಬಂದಿದೆ.”

ಮೈ ಉರಿದುಹೋಯಿತು. ಬೇರೆ ಊರಿನ ಪಾನಿ ಹಸಿರಾಗಿ ಕೆಸರಿನಂತೆ ಇರುತ್ತದೆ. ಬಂಗಾರಪೇಟೆಯ ಪಾನಿ ಕನ್ನಡಿಯಂತೆ ತಿಳಿ. ದೊಡ್ಡಮ್ಮ ಮಸಾಲೆ ಅರೆದು, ಬಿಳಿ ಬಟ್ಟೆಯಲ್ಲಿ ಸೋಸಿ ಸೋಸಿ, ಬಣ್ಣವನ್ನೆಲ್ಲ ಬಟ್ಟೆಯಲ್ಲೇ ಉಳಿಸಿ ಖಾರವನ್ನು ಮಾತ್ರ ಇಳಿಸುತ್ತಾಳೆ. ನೋಡಿದರೆ ನೀರು, ಕುಡಿದರೆ ಕಿವಿಯಲ್ಲಿ ಹೊಗೆ. ಅದೇ ನಮ್ಮೂರ ಗತ್ತು. ಆ ಗತ್ತನ್ನು ಫೋಟೋದಲ್ಲಿ ತೋರಿಸುವುದು ಹೇಗೆ? ಕಾಣದಿರುವುದೇ ಅದರ ಹೆಚ್ಚುಗಾರಿಕೆ.

ಬಟಾಣಿ ನೆನೆಹಾಕಿದೆ. ಸ್ವಲ್ಪ ಕಮ್ಮಿ.

ಜುಲೈ 1, ಮಂಗಳವಾರ

ಬೇತಮಂಗಲದ ಕೆರೆ ನೀರು ಎಂದು ಬರೆದ ಮಹಾಶಯ ಇವತ್ತು ಖುದ್ದಾಗಿ ಬಂದ. ‘ಬಂದರು’ ಎಂದು ಬರೆಯಬೇಕು, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಸಿಟ್ಟು ಇಳಿದ ಮೇಲೆ ಬರೆಯುತ್ತೇನೆ.

“ರುಚಿ ನೋಡದೆ ಬರೆದಿದ್ದು ತಪ್ಪು ಅಂತ ಅಮ್ಮ ಬೈದ್ರು. ಒಂದು ಪ್ಲೇಟ್ ಕೊಡಿ ಮೇಡಂ,” ಅಂದ. ಪಾನಿಯನ್ನು ನಾನೇ ಹಾಕಿದೆ, ಧಾರಾಳವಾಗಿ. ಒಂದು ಗುಟುಕಿಗೆ ಕಣ್ಣು ಮೂಗು ಎರಡೂ ಸುರಿಯತೊಡಗಿದವು. “ಕಡವುಳೇ, ದೇವರೇ! ಇದನ್ನ ನೀರು ಅಂದ ಬಾಯಿಗೆ ಇದೇ ಸರಿ ಮೇಡಂ,” ಎಂದು ಕೆಮ್ಮಿದ. ಆಮೇಲೆ ಕಣ್ಣೊರೆಸಿಕೊಂಡು, “ನಿಮ್ಮನ್ನ ಎಲ್ಲೋ ನೋಡಿದೀನಿ,” ಅಂದ.

ನನಗೆ ಆಗಲೇ ಗುರುತು ಸಿಕ್ಕಿತ್ತು. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಫೋಟೋ ಸ್ಟುಡಿಯೋ. ಜಲಪಾತದ ಪರದೆ, ಪ್ಲಾಸ್ಟಿಕ್ ಹೂವಿನ ಕುಂಡ, ಪಕ್ಕದಲ್ಲಿ ರೇಷ್ಮೆ ಸೀರೆಯ ನಾನು. ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ಎಂದರೆ ನಿಂತೇ ಇರಬೇಕು, ಅಡಿಯಿಂದ ಮುಡಿಯವರೆಗೆ ಉದ್ದಕ್ಕೆ. ಎತ್ತರ ಕಾಣಬೇಕಲ್ಲ! “ಗಲ್ಲ ಎತ್ತಿ ಮೇಡಂ. ನಗಬೇಡಿ, ಹಲ್ಲು ಕಾಣುತ್ತೆ,” ಎಂದಿದ್ದು ಆ ಸ್ಟುಡಿಯೋದ ಫೋಟೋಗ್ರಾಫರ್, ಇದೇ ಕಾಂತರಾಜ್. ತೆಗೆದಾದ ಮೇಲೆ ಪೆನ್ನು ಹಿಡಿದು, “ಯಾರ ಮನೆಗೆ ಕಳಿಸ್ಬೇಕು ಮೇಡಂ?” ಎಂದು ಕೇಳಿದ್ದೂ ಇದೇ ಕಾಂತರಾಜ್.

ಆ ಫೋಟೋ ಮಾಲೂರಿಗೆ ಹೋಯಿತು, ಮುಳಬಾಗಿಲಿಗೆ ಹೋಯಿತು, ಹೊಸೂರಿಗೆ ಹೋಯಿತು. ನಾನು ನೋಡದ ಊರುಗಳನ್ನೆಲ್ಲ ನೋಡಿ ಬಂತು. ಒಬ್ಬರಿಗೆ ಎತ್ತರ ಜಾಸ್ತಿ, ಒಬ್ಬರಿಗೆ ಬಣ್ಣ ಕಮ್ಮಿ. ಕೊನೆಯವರು ಮುಖದಲ್ಲಿ ಕಳೆ ಇಲ್ಲ ಎಂದು ಹಿಂದಿರುಗಿಸಿದರು, ಮೇಲೊಂದು ಕಾಫಿ ಲೋಟದ ಗುಂಡು ಗುರುತಿನ ಸಮೇತ. ಅವತ್ತೇ ನಾನು ಇನ್ನು ಯಾವ ಕ್ಯಾಮೆರಾ ಮುಂದೆಯೂ ನಿಲ್ಲುವುದಿಲ್ಲ ಎಂದು ತೀರ್ಮಾನಿಸಿದ್ದು.

ಇದನ್ನೆಲ್ಲ ಅವನ ಮುಖಕ್ಕೇ ಹೇಳಿದೆ. “ಕುಂಡ ಚೆನ್ನಾಗಿ ಬಂದಿತ್ತಲ್ವಾ?” ಅಂದ. ದೊಡ್ಡಮ್ಮ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಬಂದದ್ದು ಸ್ವಲ್ಪ, ಅದನ್ನು ಕೆಮ್ಮಿ ಮುಚ್ಚಿದೆ.

“ಈಗ ನಿಮ್ಮ ಆಷಾಢ, ಅದರ ಹಿಂದೆ ನಮ್ಮ ತಮಿಳರ ಆಡಿ ಮಾಸ. ಒಬ್ರೂ ಮದುವೆ ಆಗಲ್ಲ ಮೇಡಂ, ಕ್ಯಾಮೆರಾ ಸುಮ್ಮನೆ ಕೂತಿದೆ. ಅಂಗಡಿಗೆ ಫೋಟೋ ನಾನ್ ತೆಗೀತೀನಿ. ದಿನಾ ಒಂದು ಪ್ಲೇಟ್ ಸಾಕು,” ಅಂದ.

ನಾನು ಬೇಡ ಅನ್ನುವಷ್ಟರಲ್ಲಿ ದೊಡ್ಡಮ್ಮ, “ತೆಗೀಲಿ ಬಿಡೇ ರೂಪಿ, ನೀನ್ ತೆಗ್ದಿದ್ ನೋಡೀವಲ್ಲ,” ಎಂದುಬಿಟ್ಟಳು.

ಜುಲೈ 3, ಗುರುವಾರ

ಜಗಳ. ಪೂರಿಗಳನ್ನು ಗೋಪುರದ ಹಾಗೆ ಪೇರಿಸಿ, ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದು ಉದ್ದಕ್ಕೆ ತೆಗೆದಿದ್ದಾನೆ!

ನಾನು ಪೇಜಿನ ಕಾನೂನು ಹೇಳಿದೆ. ಒಂದು, ಇಲ್ಲಿ ಯಾರ ಮುಖವೂ ಬರಕೂಡದು. ಎರಡು, ಎಲ್ಲ ಫೋಟೋ ಅಡ್ಡಕ್ಕೇ ಇರಬೇಕು. ತಟ್ಟೆ ಅಡ್ಡಕ್ಕಿದೆ, ಮೇಜು ಅಡ್ಡಕ್ಕಿದೆ, ಊಟದ ಪಂಕ್ತಿ ಅಡ್ಡಕ್ಕೆ ಕೂರುತ್ತದೆ. ಉದ್ದಕ್ಕೆ ನಿಲ್ಲಿಸಿ ತೆಗೆಯಲು ನನ್ನ ಪೂರಿಗಳೇನು ಗಂಡಿನ ಮನೆಗೆ ಹೋಗಬೇಕೇ?

“ಎನ್ನಾ ಮೇಡಂ, ಜನ ಫೋನು ಹೆಂಗೆ ಹಿಡೀತಾರೆ? ನಿಲ್ಸಿ ತಾನೇ? ಅಡ್ಡ ಫೋಟೋ ಹಾಕಿದ್ರೆ ಮೇಲೊಬ್ಬನ ನಾಮಕರಣ, ಕೆಳಗೊಬ್ಬನ ಬೈಕು, ನಡುವೆ ನಿಮ್ಮ ಪೂರಿ ಇಷ್ಟೇ ಇಷ್ಟು. ಉದ್ದ ಹಾಕಿ, ಪರದೆ ಪೂರ್ತಿ ನಿಮ್ದೇ. ಬೆರಳು ಒಂದು ಕ್ಷಣ ನಿಲ್ಲುತ್ತೆ. ಬೆರಳು ನಿಂತ್ರೆ ಫೋಟೋ ಓಡುತ್ತೆ.”

“ನೀವು ತೆಗೆದ ಉದ್ದ ಫೋಟೋ ಎಷ್ಟು ಓಡಿತು ಅಂತ ನನಗೆ ಗೊತ್ತು, ಹೊಸೂರಿನವರೆಗೂ ಓಡಿತು,” ಅಂದೆ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡ.

ಅವನು ಹೋದ ಮೇಲೆ ಆ ಗೋಪುರದ ಫೋಟೋವನ್ನು ಫೋನಿನಲ್ಲಿ ಕತ್ತರಿಸಿ ಅಡ್ಡ ಮಾಡಿ ಹಾಕಿದೆ. ದೊಡ್ಡಮ್ಮ ಪಕ್ಕದಲ್ಲೇ ಕೂತು ಯಾವ ಬಟನ್ ಎಲ್ಲಿ ಒತ್ತುತ್ತೇನೆ ಎಂದು ಕಲಿಯುತ್ತಿದ್ದಳು. ಗೋಪುರದ ತಲೆಯೂ ಹೋಯಿತು, ಕಾಲೂ ಹೋಯಿತು, ಸೊಂಟ ಉಳಿಯಿತು. ಲೈಕೂ ಅಷ್ಟರಲ್ಲೇ ಇದೆ.

ಜುಲೈ 4, ಶುಕ್ರವಾರ

ಪಂದ್ಯ ಕಟ್ಟಿದೆವು. ಬೆಳಿಗ್ಗೆ ನನ್ನ ಅಡ್ಡ ಫೋಟೋ, ಸಂಜೆ ಕಾಂತರಾಜ್ ಅವರ ಉದ್ದ ಫೋಟೋ, ಅದೇ ತಟ್ಟೆ, ಅದೇ ಪೂರಿ. ಉದ್ದದ್ದಕ್ಕೆ ನನ್ನದರ ಮೂರರಷ್ಟು ಲೈಕು. ಕೆ.ಜಿ.ಎಫ್.ನ ಗೆಳೆಯರನ್ನೆಲ್ಲ ಎಬ್ಬಿಸಿ ಒತ್ತಿಸಿದ್ದೀರಿ ಅಂದೆ. ನನ್ನ ಗೆಳೆಯರೆಲ್ಲ ಈ ಹೊತ್ತಲ್ಲಿ ರೈಲಲ್ಲಿ ಬಾಯಿ ತೆರೆದು ನಿದ್ದೆ ಮಾಡ್ತಿರ್ತಾರೆ ಅಂದರು.

ಆಮೇಲೆ ತಟ್ಟೆಯ ಪಕ್ಕ ದೊಡ್ಡಮ್ಮನ ಹಸಿರು ಬಳೆಯ ಕೈ ಸೇರಿಸಿ ತೆಗೆದರು. ಅದಕ್ಕೆ ಇನ್ನೂ ಜಾಸ್ತಿ! ಬರೀ ತಿಂಡಿಗಿಂತ ಕೊಡುವ ಕೈ ಇದ್ದರೆ ಜನಕ್ಕೆ ಹತ್ತಿರ ಅನ್ನಿಸುತ್ತದಂತೆ. ದೊಡ್ಡಮ್ಮ ಆಗಿನಿಂದ ಆ ಕೈಯಲ್ಲಿ ಪಾತ್ರೆ ಉಜ್ಜಲು ಒಪ್ಪುತ್ತಿಲ್ಲ.

ಕೈ ಪರವಾಗಿಲ್ಲ, ಕೈ ಮುಖವಲ್ಲ. ಆದರೆ ಅಡ್ಡ ಎಂದರೆ ಅಡ್ಡವೇ. ನಾಳೆಯಿಂದ ಮತ್ತೆ ಅಡ್ಡ.

ಜುಲೈ 7, ಸೋಮವಾರ

ಸಂದಿಯ ಬಾಯಲ್ಲಿ ಮಲಗುವ ಕಂದು ನಾಯಿ ಇವತ್ತು ನಮ್ಮ ಬೋರ್ಡಿನ ಕೆಳಗೆ ಬಂದು, ತಟ್ಟೆಯನ್ನೇ ನೋಡುತ್ತ ಕೂತಿತ್ತು. ಕಾಂತರಾಜ್ ನೆಲದ ಮೇಲೆ ಬೋರಲು ಮಲಗಿ ಅದರ ಫೋಟೋ ತೆಗೆದರು. ಅಡ್ಡಕ್ಕೇ ತೆಗೆದರು, ನನಗೋಸ್ಕರ. ಅಂಗಿ ಪೂರ್ತಿ ಮಣ್ಣು.

ಲೈಕೋ ಲೈಕು! ಫೋನು ಗುಂಯ್ ಗುಂಯ್ ಎನ್ನುತ್ತಲೇ ಇತ್ತು. ನಾನು ಕುಣಿದಾಡಿದೆ, ಬಟಾಣಿ ದುಪ್ಪಟ್ಟು ಹಾಕುತ್ತೇನೆ ಅಂದೆ. ಆಮೇಲೆ ಓದಿದರೆ ಎಲ್ಲರೂ ಕೇಳಿರುವುದು ಒಂದೇ: ನಾಯಿಯ ಹೆಸರೇನು? ನಾಯಿಗೆ ಊಟ ಹಾಕ್ತೀರಾ? ಒಬ್ಬಳಂತೂ ಬಿಸ್ಕತ್ತು ಹಿಡಿದು ಅಂಗಡಿ ಹುಡುಕಿಕೊಂಡು ಬಂದಳು, ನಾಯಿಗೆ ತಿನ್ನಿಸಿದಳು, ತಲೆ ಸವರಿದಳು, ಹೊರಟುಹೋದಳು. ಪಾನಿಪೂರಿಯತ್ತ ತಿರುಗಿಯೂ ನೋಡಲಿಲ್ಲ.

ಲೈಕು ಒತ್ತುವವರೇ ಬೇರೆ, ತಟ್ಟೆ ಹಿಡಿಯುವವರೇ ಬೇರೆ ಎಂದು ಕಾಂತರಾಜ್ ಬೇಜಾರಲ್ಲಿ ಹೇಳಿದರು. ಅವರ ಮುಖ ಸಣ್ಣದಾಗಿದ್ದು ನೋಡಿ ನಾನೇ ಇನ್ನೊಂದು ಪ್ಲೇಟ್ ಕೊಟ್ಟೆ. ಅಂಗಿ ಕೊಳೆ ಮಾಡಿಕೊಂಡಿದ್ದರಲ್ಲ, ಅದಕ್ಕೆ.

ಜುಲೈ 10, ಗುರುವಾರ

ಇವತ್ತು ಫೋಟೋ ಇಲ್ಲ. ಬರಲಿಲ್ಲ. ಬರದಿದ್ದರೆ ನನಗೇನು.

ಪಾನಿಯಲ್ಲಿ ಉಪ್ಪು ಎರಡು ಸಲ ಬಿದ್ದಿದೆ ಎಂದು ದೊಡ್ಡಮ್ಮ ಪೂರ್ತಿ ಚೆಲ್ಲಿಸಿದಳು.

ಜುಲೈ 11, ಶುಕ್ರವಾರ

ಸ್ಕೂಟರ್ ಕೆಟ್ಟಿತ್ತಂತೆ. ಅಷ್ಟೇ. ಇಂದು ಪಾನಿ ಅದ್ಭುತವಾಗಿ ಬಂದಿತ್ತು. ಸಂದಿಯ ಗೋಡೆ ಮೇಲಿನ ಪಾಚಿ ಕೂಡ ಎಷ್ಟು ಚೆನ್ನಾಗಿದೆ! ಇಷ್ಟು ದಿನ ನೋಡಿಯೇ ಇರಲಿಲ್ಲ.

ಜುಲೈ 13, ಭಾನುವಾರ

ಮಧ್ಯಾಹ್ನದವರೆಗೆ ಅಂಗಡಿ ದೊಡ್ಡಮ್ಮನಿಗೆ ಬಿಟ್ಟು ಕೆ.ಜಿ.ಎಫ್.ಗೆ ಹೋಗಿದ್ದೆ. ಕೆಲಸದ ಮೇಲೆ. ಕೆಲಸದ ಮೇಲೆ ಎಂದು ದೊಡ್ಡಮ್ಮನಿಗೆ ಮೂರು ಸಲ ಹೇಳಿದೆ, ಅವಳು ಒಂದು ಸಲವೂ ಕೇಳಿರಲಿಲ್ಲ. ನೀಲಿ ಚೂಡಿದಾರ್ ಹಾಕಿದ್ದು ಬೇರೆ ಯಾವುದೂ ಒಣಗಿರಲಿಲ್ಲ ಎಂದು.

ತಟ್ಟೆ ಎಲ್ಲ ಊರಿನಲ್ಲೂ ಒಂದೇ, ಹಿಂದೆ ಏನು ಕಾಣುತ್ತದೆ ಅನ್ನುವುದರ ಮೇಲೆ ಜನ ನಿಲ್ಲುತ್ತಾರೆ ಎನ್ನುವುದು ಕಾಂತರಾಜ್ ಅವರ ಹೊಸ ವಾದ. ಅದಕ್ಕೇ ಅಲ್ಲಿನ ಕೋರಮಂಡಲ್ ಹತ್ತಿರದ ರಸ್ತೆಗೆ ಕರೆದುಕೊಂಡು ಹೋದರು. ಹಳೆ ಗಣಿಯ ಕಬ್ಬಿಣದ ಗೋಪುರ ಒಂದು ಕಡೆ ನಿಂತಿದೆ, ಗಣಿಯ ಮಣ್ಣು ಸುರಿದು ಆದ ಸೈನೈಡ್ ದಿಬ್ಬ ಅದರ ಪಕ್ಕದಲ್ಲಿ ಉದ್ದಕ್ಕೂ ಮೈಚಾಚಿದೆ. “ಪಾರುಂಗೋ ಮೇಡಂ, ನಿಮಗೆ ಬೇಕಾಗಿರೋದು ಮಲಗಿದೆ, ನನಗೆ ಬೇಕಾಗಿರೋದು ನಿಂತಿದೆ. ಜಗಳ ಯಾಕೆ?” ಅಂದರು. ನನಗೂ ನಗು ಬಂತು.

ಕೊಳಗದಲ್ಲಿ ಪಾನಿ, ಡಬ್ಬಿಯಲ್ಲಿ ಪೂರಿ, ಕೈಯಲ್ಲಿ ತಟ್ಟೆ. ಸೌಟು ಮೇಲೆತ್ತಿ ಪಾನಿ ಸುರಿಯುತ್ತಿದ್ದೆ, ಆಷಾಢದ ಗಾಳಿ ಎಲ್ಲಿತ್ತೋ ಬಂತು. ಮೊದಲು ಸೇವ್ ಹಾರಿತು, ಹಿಂದೆಯೇ ಪೂರಿಗಳು ಹಾರಿ ರಸ್ತೆಗುಂಟ ಉರುಳತೊಡಗಿದವು. ಮೇಯುತ್ತಿದ್ದ ಮೇಕೆಯೊಂದು ತಲೆಯೆತ್ತಿ ನೋಡಿ, ಅವುಗಳ ಬೆನ್ನು ಹತ್ತಿತು. ಅದರ ಹಿಂದೆ ಮೇಕೆ ಕಾಯುವ ಅಜ್ಜ! ನನಗೆ ತಡೆಯಲಾಗಲಿಲ್ಲ. ಸೌಟು ಎತ್ತಿದ್ದು ಎತ್ತಿದಂತೆಯೇ, ಪಾನಿ ಸುರಿಯುತ್ತಲೇ ಇದೆ, ನಾನು ಬಾಯಿ ತೆರೆದು ನಗುತ್ತಲೇ ಇದ್ದೇನೆ. ಕ್ಲಿಕ್ ಅಂತು.

“ಮುಖ ಬಂತು, ಅದೂ ಉದ್ದಕ್ಕೆ! ಅಳಿಸಿ,” ಅಂದೆ.

“ಎಲ್ಲಾ ಫೋಟೋನೂ ಅಂಗಡಿ ಫೋನಿಗೆ ಕಳಿಸ್ತೀನಿ. ಅದನ್ನ ನೀವೇ ಅಳಿಸಿ ಮೇಡಂ. ನನ್ನ ಕೈಯಲ್ಲಿ ಆಗಲ್ಲ,” ಅಂದರು.

ಚೂಡಿದಾರ್ ಮೇಲೆಲ್ಲ ಪಾನಿ ಚೆಲ್ಲಿತ್ತು. ಹಾಗಾಗಿ ಪಕ್ಕದಲ್ಲಿ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲೇ ಇದ್ದ ಅವರ ಮನೆಗೆ ಹೋಗಬೇಕಾಯಿತು, ಬೇರೆ ಕಾರಣವಿಲ್ಲ. ಅವರ ತಾಯಿ ಕದಿರಮ್ಮ “ವಾಮ್ಮಾ, ಉಕ್ಕಾರು,” ಎಂದು ಚಾಪೆ ಹಾಕಿದರು. ಉಳಿದ ಪಾನಿಯನ್ನು ಲೋಟಕ್ಕೆ ಹಾಕಿಸಿಕೊಂಡು, “ತಣ್ಣಿ ಮಾದಿರಿ ಇರುಕೇ, ನೀರು ತಾನೇ ಇದು?” ಎಂದು ಗಟಗಟ ಕುಡಿದರು. ಆಮೇಲೆ ಹೇಳಬೇಕೇ! ತಾಯಿ ಮಗ ಇಬ್ಬರ ಕೆಮ್ಮೂ ಒಂದೇ ಥರ.

ಊಟ ಬಡಿಸುತ್ತ ಕದಿರಮ್ಮನ ಒಂದೇ ಗೋಳು: “ಊರು ಪೊಣ್ಣುಗಳ, ಹೆಣ್ಣುಮಕ್ಕಳ ಫೋಟೋ ಎಲ್ಲಾ ಇವನೇ ತೆಗೀತಾನಮ್ಮ. ಎಲ್ಲಾರ ಮನೆಗೂ ಕಳಿಸ್ತಾನೆ. ನಮ್ಮ ಮನೆಗೆ ಒಂದು ಫೋಟೋ ಬರಲಿಲ್ಲ ನೋಡು.” ವಯಸ್ಸಾದವರ ಮಾತು, ಹೂಂಗುಟ್ಟಿದೆ. ಕಾಂತರಾಜ್ ತಲೆ ತಗ್ಗಿಸಿ ಅನ್ನ ಕಲೆಸುತ್ತಿದ್ದರು. ಎಷ್ಟೊಂದು ಹೊತ್ತು ಕಲೆಸಿದರು.

ಮೀನು ಸಾರು ಚೆನ್ನಾಗಿತ್ತು.

ಜುಲೈ 14, ಸೋಮವಾರ

ಆ ಮುಖದ ಫೋಟೋ ಇನ್ನೂ ಅಳಿಸಿಲ್ಲ, ಪುರುಸೊತ್ತಾಗಲಿಲ್ಲ. ಐದಾರು ಸಲ ತೆಗೆದು ನೋಡಿದೆ. ಅಳಿಸುವ ಮುನ್ನ ಸರಿಯಾಗಿ ನೋಡಬೇಕಲ್ಲ.

ಜುಲೈ 17, ಗುರುವಾರ

ಜಯರಾಮಪ್ಪ ಮೊಬೈಲ್ ಕವರಿನವನನ್ನು ಕರೆದುಕೊಂಡು ಬಂದಿದ್ದರು. ನಾವು ಕೂತಿರುವಾಗಲೇ ಅವನು ಟೇಪು ಹಿಡಿದು ಗೋಡೆ ಅಳೆದ. ದೊಡ್ಡಮ್ಮ ಪಾನಿ ಸೋಸುತ್ತಿದ್ದಳು, ಟೇಪು ಅವಳ ತಲೆಯ ಮೇಲೆ ಹಾದು ಹೋಯಿತು. ಅವಳು ಕತ್ತೆತ್ತಲಿಲ್ಲ. ನನಗೆ ಅಳು ಬಂತು. ಖಾರಕ್ಕೆ ಎಂದು ಹೇಳಿದೆ, ಯಾರೂ ನಂಬಲಿಲ್ಲ.

ಕಾಂತರಾಜ್ ಏನೋ ಸಮಾಧಾನ ಹೇಳಲು ಬಂದರು. ನಿಮ್ಮ ಉದ್ದವೂ ಬೇಡ, ನನ್ನ ಅಡ್ಡವೂ ಬೇಡ, ನಾಳೆಯಿಂದ ಬರಬೇಡಿ ಅಂದುಬಿಟ್ಟೆ. ಅವರು ತಟ್ಟೆಯನ್ನು ತಾವೇ ತೊಳೆದಿಟ್ಟು ಹೋದರು.

ಶನಿವಾರ ಅಣ್ಣನ ಊರಿಗೆ ಹೋಗಿ, ಮತ್ತೆ ಗಾರ್ಮೆಂಟ್ಸ್‌ಗೆ ಹೋಗುತ್ತೇನೆ ಎಂದು ಹೇಳಿ ಬರಬೇಕು. ಫೋನು ಅಂಗಡಿಯಲ್ಲೇ ಇರುತ್ತದೆ. ದೊಡ್ಡಮ್ಮನಿಗೆ ಹೇಳಿದ್ದೇನೆ: ದಿನಾ ದೀಪ ಹಚ್ಚುವ ಹೊತ್ತಿಗೆ ಒಂದು ಫೋಟೋ ಹೋಗಲೇಬೇಕು. ಇರುವಷ್ಟು ದಿನ ಮರ್ಯಾದೆಯಾಗಿ ಇರೋಣ.

ಜುಲೈ 19, ಶನಿವಾರ

ಬೇತಮಂಗಲದ ಹತ್ತಿರ, ಅಣ್ಣನ ಮನೆ. ಹಸು ಕರು ಹಾಕಿದೆ. ಎಲ್ಲರೂ ಗಿಣ್ಣು ತಿಂದರು. ಹೇಳಬೇಕಾದ್ದು ಇನ್ನೂ ಹೇಳಿಲ್ಲ. ಬರಬೇಡಿ ಎಂದಾಕ್ಷಣ ಹೀಗೆ ಬರದೇ ಇದ್ದುಬಿಡುತ್ತಾರಾ?

ಜುಲೈ 20, ಭಾನುವಾರ

ಅಯ್ಯೋ ದೇವರೇ, ಎಲ್ಲಿಂದ ಶುರು ಮಾಡಲಿ!

ಬೆಳಿಗ್ಗೆ ಅಣ್ಣನಿಗೆ ಹೇಳಿಯೇ ಬಿಟ್ಟೆ. ಹಸುವಿಗೆ ಹುಲ್ಲು ಹಾಕುತ್ತಲೇ, ನಿನ್ನಿಷ್ಟ ಕಣಮ್ಮ ಎಂದ. ಮುಖ ಊದಿಸಿಕೊಂಡು ಬಂಗಾರಪೇಟೆ ಬಸ್ಸು ಹತ್ತಿದೆ. ಮುಂದಿನ ಸೀಟಿನ ಹೆಂಗಸು ತಲೆಯನ್ನು ಬಲ ಭುಜಕ್ಕೆ ಒರಗಿಸಿ ಕೂತಿದ್ದಳು. ನಿದ್ದೆ ಅಂದುಕೊಂಡೆ. ಅವಳ ಪಕ್ಕದವಳ ತಲೆಯೂ ಬಲಕ್ಕೇ. ಆಚೆ ಸಾಲಿನ ಕಾಲೇಜು ಹುಡುಗರು ಮೂವರೂ ಬಲಕ್ಕೇ. ಒಬ್ಬ ಫೋನನ್ನು ತಿರುಗಿಸಿದ, ಒಳಗಿನ ಫೋಟೋನೂ ತಿರುಗಿತು, ಬೈದುಕೊಂಡು ಮತ್ತೆ ತಲೆಯನ್ನೇ ತಿರುಗಿಸಿದ. ಊರಿಗೆಲ್ಲ ಕತ್ತು ಹಿಡಿದುಕೊಂಡಿದೆಯೇ ಎಂದು ನಾನು ಬಗ್ಗಿ ನೋಡಿದೆ.

ನಾನು! ಫೋನಿನೊಳಗೆ ನಾನು! ಹಲ್ಲೆಲ್ಲ ಬಿಟ್ಟುಕೊಂಡು, ಗೋಡೆಗೆ ಹೊಡೆದ ಮೊಳೆಯ ಹಾಗೆ ಅಡ್ಡಕ್ಕೆ ಇದ್ದೇನೆ. ಗಣಿಯ ಗೋಪುರ ನೆಲದ ಮೇಲೆ ಮಲಗಿದೆ. ದಿಬ್ಬ ಎದ್ದು ನಿಂತಿದೆ. ಸೌಟಿನಿಂದ ಪಾನಿ ಈ ಪಕ್ಕದಿಂದ ಆ ಪಕ್ಕಕ್ಕೆ ಗಾಳಿಯಲ್ಲಿ ಹರಿಯುತ್ತಿದೆ, ಫಳಫಳ ಹೊಳೆಯುತ್ತ.

ದುಪಟ್ಟಾ ತಲೆ ಮೇಲೆ ಎಳೆದುಕೊಂಡೆ. ಕಾಲೇಜು ಹುಡುಗ ನನ್ನನ್ನೇ ನೋಡಿ, ಗುರುತು ಹಿಡಿಯಲು ತಲೆಯನ್ನು ವಾಲಿಸಿದ.

ಬಸ್ಸಿಳಿದು ಓಡಿದರೆ ಸಂದಿಯ ಬಾಯಲ್ಲೇ ಜನ. ನಾಯಿಗೆ ಮಲಗಲು ಜಾಗವಿಲ್ಲದೆ ಜಗಲಿ ಹತ್ತಿದೆ. ಒಳಗೆ ದೊಡ್ಡಮ್ಮ ಎರಡೂ ಕೈಯಲ್ಲಿ ಪಾನಿ ಹಾಕುತ್ತಿದ್ದಾಳೆ. ಪಕ್ಕದಲ್ಲಿ ತೋಳು ಮಡಿಸಿ ತಟ್ಟೆ ತೊಳೆಯುತ್ತ, ಕಾಂತರಾಜ್.

“ದೊಡ್ಡಮ್ಮಾ, ಏನು ಮಾಡಿದೆ?” ಎಂದು ಕಿರುಚಿದೆ.

“ನೀನೇ ಅಲ್ವೇನೇ ಫೋಟೋ ಆಕು ಅಂದಿದ್ದು? ಅಡ್ಡಕ್ಕಿದ್ರೇನೆ ಆಕ್ಬೇಕು, ಉದ್ದಕ್ಕಿದ್ರೆ ಅಡ್ಡ ಮಾಡ್ಬೇಕು ಅಂತ ದಿನಾ ಬಡ್ಕಂತಿದ್ದೆ. ಇದು ಉದ್ದಕ್ಕಿತ್ತು. ಅಲ್ಲೊಂದು ಡೊಂಕು ಬಾಣ ಐತಲ್ಲ, ಅದನ್ನ ಒತ್ತಿ ಅಡ್ಡ ಮಾಡಿ ಆಕ್ದೆ.”

“ಬೇರೆ ಅಷ್ಟೊಂದು ಫೋಟೋ ಇದ್ದವಲ್ಲ! ಇದೇ ಯಾಕೆ?”

“ಅದ್ರಲ್ಲೆಲ್ಲ ಬರೀ ತಟ್ಟೆ. ಇದ್ರಲ್ಲಿ ನಮ್ ಮಗು ನಗ್ತಾವಳೆ,” ಅಂದಳು, ಪಾನಿ ಹಾಕುತ್ತಲೇ.

ಕಾಂತರಾಜ್ ಕೈ ಒರೆಸಿಕೊಂಡು ಫೋನು ತಂದುಕೊಟ್ಟರು. “ನಾನ್ ಹಾಕಿಲ್ಲ ಮೇಡಂ, ಸತ್ಯವಾಗ್ಲೂ. ನೋಡಿದ ತಕ್ಷಣ ಓಡಿ ಬಂದೆ, ಇವರೊಬ್ಬರೇ ಇದ್ರು, ಅದಕ್ಕೇ ನಿಂತೆ. ನಿಮ್ಮ ಮುಖ, ನಿಮ್ಮಿಷ್ಟ. ಅಳಿಸಿ ಅಂದ್ರೆ ಈಗಲೇ ಅಳಿಸೋಣ. ಜನ ಹೋದ್ರೆ ಹೋಗ್ಲಿ.”

ಕೆಳಗಿನ ಮಾತುಗಳನ್ನು ಓದಿದೆ. “ಬಂಗಾರಪೇಟೆಯಲ್ಲಿ ನೀರು ಅಡ್ಡಡ್ಡ ಹರಿಯುತ್ತಾ?” “ಅಕ್ಕ ಗೋಡೆ ಮೇಲೆ ನಡೀತಾರಾ?” “ಕತ್ತು ಉಳುಕಿದೆ, ಔಷಧಿಗೆ ಒಂದು ಪ್ಲೇಟ್.” ಆಮೇಲೆ ಒಬ್ಬ, “ಆ ಹೊಳೆಯೋದು ಏನು, ನೀರಾ?” ಎಂದು ಕೇಳಿದ್ದಕ್ಕೆ ನಮ್ಮೂರಿನವರು ಹತ್ತಾರು ಜನ ಮೇಲೆ ಬಿದ್ದಿದ್ದಾರೆ: ನೀರಲ್ಲಪ್ಪಾ, ಪಾನಿ! ಒಂದು ಸಲ ಕುಡಿದು ನೋಡು! ಕೆಳಕ್ಕೆ ಸುರಿದಾಗ ಯಾರಿಗೂ ಕಾಣದ ಪಾನಿ, ಅಡ್ಡಕ್ಕೆ ಹರಿದ ಕೂಡಲೇ ಊರಿಗೆಲ್ಲ ಕಂಡಿದೆ.

ಫೋಟೋವನ್ನು ಇನ್ನೊಂದು ಸಲ ನೋಡಿದೆ. ಎಲ್ಲರ ಹಾಗೆ ನಾನೂ ತಲೆಯನ್ನು ಬಲ ಭುಜಕ್ಕೆ ಇಟ್ಟೆ. ಆ ಹುಡುಗಿಗೆ ಎತ್ತರ ಎಷ್ಟು, ಬಣ್ಣ ಯಾವುದು, ಒಂದೂ ಗೊತ್ತಾಗುವುದಿಲ್ಲ. ಖುಷಿಯಾಗಿದ್ದಾಳೆ ಎನ್ನುವುದು ಮಾತ್ರ ಗೊತ್ತಾಗುತ್ತದೆ. ಎಷ್ಟು ಖುಷಿಯಾಗಿದ್ದಾಳೆ!

“ಇರಲಿ,” ಅಂದೆ. ಸೌಟು ಕೈಗೆ ತೆಗೆದುಕೊಂಡೆ. ಕಾಂತರಾಜ್ ತಟ್ಟೆ ತೊಳೆಯಲು ಹೋದರು. ಶಿಳ್ಳೆ ಹಾಕುತ್ತಿದ್ದರು, ಸ್ವಲ್ಪವೂ ಶ್ರುತಿ ಇಲ್ಲ, ಕೇಳಲು ಹಿತವಾಗಿತ್ತು.

ಜುಲೈ 22, ಮಂಗಳವಾರ

ಬರೆಯಲು ಪುರುಸೊತ್ತಿಲ್ಲ. ಬಂದವರೆಲ್ಲ ತಲೆ ವಾಲಿಸಿಕೊಂಡೇ ಬರುತ್ತಾರೆ, ಹಾಗೇ ತಿನ್ನುತ್ತಾರೆ, ಪಾನಿ ಕಿವಿಗೆ ಹೋಗುತ್ತದೆ, ನಗುತ್ತಾರೆ. ಜಯರಾಮಪ್ಪ ಇಳಿದು ಬಂದು, “ಏನಮ್ಮ ಇದು, ನಮ್ ಮನೆಗ್ ನಾವ್ ಓಗಾಕೂ ದಾರಿ ಇಲ್ವಲ್ಲಮ್ಮ!” ಎಂದು ಗದರಿದರು. ಅಷ್ಟು ಸಂತೋಷವಾಗಿ ಗದರಿದ್ದನ್ನು ನಾನು ನೋಡಿಲ್ಲ. ಮೊಬೈಲ್ ಕವರಿನವನು ತಾನಾಗಿಯೇ ಬಂದಿದ್ದ. ಅವನಿಗೆ ಬೇರೆ ಜಾಗ ನೋಡಿಕೋ ಎಂದು ಇಲ್ಲೇ, ನಮ್ಮ ತಟ್ಟೆ ಕೈಯಲ್ಲಿ ಹಿಡಿದೇ ಹೇಳಿದರು. ಅವನೂ ಒಂದು ಪ್ಲೇಟ್ ತಿಂದು ಹೋದ.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಮದುವೆಯಾಗದವರು ಒಳ್ಳೆಯ ಗಂಡ ಸಿಗಲಿ ಎಂದು ಬೇಡಿಕೊಳ್ಳುವ ದಿನ. ಪ್ರತಿ ವರ್ಷ ದೊಡ್ಡಮ್ಮ ಪೂಜೆಗೆ ಕೂರಿಸುತ್ತಾಳೆ, ನಾನು ಕಾಟಾಚಾರಕ್ಕೆ ಕೂರುತ್ತೇನೆ. ಈ ಸಲವೂ ಅಂಗಡಿಗೆ ಜನ ಬರಲಿ ಎಂದಷ್ಟೇ ಬೇಡಿಕೊಂಡೆ. ಜನ ಆಗಲೇ ಬಂದಿದ್ದಾರೆ ಎಂದು ಆಮೇಲೆ ನೆನಪಾಯಿತು. ಹಾಗಾದರೆ ಅಷ್ಟು ಹೊತ್ತು ಕಣ್ಣು ಮುಚ್ಚಿ ಏನು ಬೇಡಿಕೊಳ್ಳುತ್ತಿದ್ದೆ?

ಜುಲೈ 25, ಶುಕ್ರವಾರ

ಶ್ರಾವಣ. ಅಂಗಡಿ ನಮ್ಮದೇ.

ಬೆಳಿಗ್ಗೆ, ಇನ್ನೂ ಯಾರೂ ಬರುವ ಮೊದಲೇ ಕಾಂತರಾಜ್ ಬಂದರು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು. ಆಡಿ ಇನ್ನೂ ಇದ್ದರೂ ನಮ್ಮ ಕನ್ನಡದವರ ಮದುವೆಗಳು ಭಾನುವಾರದಿಂದ ಶುರು, ಇನ್ನು ದಿನಾ ಬರಲಾಗುವುದಿಲ್ಲ ಎಂದು ಹೇಳಲು ಬಂದದ್ದು. ಹೇಳಿದರು. ಹೇಳಿಯಾದ ಮೇಲೂ ನಿಂತೇ ಇದ್ದರು. ದೊಡ್ಡಮ್ಮ ಕೊಳಗದ ಮೇಲೆ ಬಟ್ಟೆ ಕಟ್ಟಿ ಪಾನಿ ಸೋಸುತ್ತಿದ್ದಳು, ಸೋಸಿದ್ದನ್ನೇ ಮತ್ತೆ ಸೋಸುತ್ತಿದ್ದಳು.

“ಒಂದು ಫೋಟೋ ತೆಗೀರಿ,” ಅಂದೆ.

“ತಟ್ಟೆದಾ? ಅಡ್ಡಕ್ಕೇ ತೆಗೀತೀನಿ ಮೇಡಂ, ಜಗಳ ಬೇಡ.”

“ನಂದು. ನಿಂತಿರೋದು. ಉದ್ದಕ್ಕೆ.”

ಬೋರ್ಡಿನ ಕೆಳಗೆ ನಿಂತೆ. ಕೂದಲು ಸರಿಮಾಡಿಕೊಳ್ಳಲಿಲ್ಲ, ಕೈಯಲ್ಲಿ ಸೌಟಿತ್ತು. “ಗಲ್ಲ ಎತ್ತಬೇಕಾ? ನಗಬಹುದಾ?” ಎಂದು ಕೇಳಿದೆ. ಅವರು ತಲೆಯಾಡಿಸಿದರು. ಲೆನ್ಸಿನ ಮುಚ್ಚಳ ತೆಗೆದು ಕೈಯಲ್ಲೇ ಹಿಡಿದುಕೊಂಡರು.

ತೆಗೆದಾಯಿತು. ಎಷ್ಟೋ ವರ್ಷದ ರೂಢಿ, ಅವರ ಬಾಯಿಗೆ ತಾನಾಗಿ ಬಂದುಬಿಟ್ಟಿತು: “ಯಾರ ಮನೆಗೆ ಕಳಿಸ್ಬೇಕು ಮೇಡಂ?”

“ಕೋರಮಂಡಲ್‌ಗೆ,” ಅಂದೆ. “ಕದಿರಮ್ಮ ಅವರ ಮನೆಗೆ.”

ಅವರ ಕೈಯಲ್ಲಿದ್ದ ಲೆನ್ಸಿನ ಮುಚ್ಚಳ ಜಾರಿ, ಪಕ್ಕದಲ್ಲಿ ಆಗಲೇ ಸೋಸಿಟ್ಟಿದ್ದ ಪಾನಿಯ ಕೊಳಗಕ್ಕೆ ಸೀದಾ ಬಿತ್ತು. ದೊಡ್ಡಮ್ಮ ನನ್ನ ಕೈಯಿಂದ ಸೌಟು ಕಿತ್ತುಕೊಂಡು ಅದನ್ನು ಎತ್ತಿ, “ಇವತ್ತಿನ್ ಪಾನಿ ಓಯ್ತು. ಓಗ್ಲಿ ಬಿಡು,” ಅಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಾರಕ್ಕಂತೆ.

ಬಟಾಣಿ ನೆನೆಹಾಕಿಲ್ಲ. ಈಗಷ್ಟೇ ನೆನಪಾಯಿತು. ಏಳಬೇಕು. ಏಳುತ್ತೇನೆ.